ದೋಣಿಯಲ್ಲಿ ನಡೆದ ದಾಸೋಹ

ದಾನವೂ ದಾಸೋಹವೂ ಒಂದೇ ಎಂದು ತಿಳಿಯುವುದು ಗೃಹಸ್ಥರಲ್ಲಿ ಸಾಮಾನ್ಯವಾಗಿ ಕಂಡುಬರುವ ಭ್ರಾಂತಿಯಾಗಿದೆ. ಎರಡರಲ್ಲಿಯೂ ವಸ್ತುವು ಒಂದು ಕೈಯಿಂದ ಹೊರಟು ಇನ್ನೊಂದು ಕೈಯನ್ನು ಸೇರುವುದು ನಿಜ. ಆದರೆ ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ‘ನಾನು ಕೊಟ್ಟೆನು’ ಎಂಬ ಭಾವವು ಕೊಟ್ಟ ವಸ್ತುವಿನ ಜೊತೆಯಲ್ಲಿಯೇ ಹೋಗಿ ಪಡೆದವನ ಮನೆಯಲ್ಲಿ ಕುಳಿತುಬಿಡುತ್ತದೆ; ಅನ್ನವು ಕರಗಿದರೂ ಆ ಭಾವವು ಕರಗುವುದಿಲ್ಲ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ಬಾಗಿಲಿಗೆ ಬಂದವನು ಜಂಗಮನು. ಅವನು ಸ್ವೀಕರಿಸಿದನೆಂಬುದೇ ಕೊಟ್ಟವನ ಭಾಗ್ಯ. ಹೀಗೆ ಮೇಲು ಕೆಳಗಾಗುವುದೇ ದಾಸೋಹದ ಮರ್ಮ. ಇದನ್ನು ಬಾಯಿಂದ ಹೇಳುವುದು ಸುಲಭ, ಪಂಕ್ತಿಯಲ್ಲಿ ನಿಂತು ಬಡಿಸುವಾಗ ನೆನಪಿನಲ್ಲಿಡುವುದು ಕಷ್ಟ.

ಈ ಭೇದವು ನಿಜವಾಗಿ ಪರೀಕ್ಷೆಗೆ ಬರುವುದು ಮಕ್ಕಳ ವಿಷಯದಲ್ಲಿ. ದೊಡ್ಡವನು ಕೈಯೊಡ್ಡಬೇಕಾಗಿ ಬಂದಾಗ ತನ್ನ ಸಂಕೋಚವನ್ನು ಹೇಗೋ ಮುಚ್ಚಿಕೊಳ್ಳಬಲ್ಲನು. ಮಗುವಿಗೆ ಅದು ತಿಳಿಯದು. ತನ್ನನ್ನು ನೋಡುವವರ ಕಣ್ಣಿನಲ್ಲಿ ಏನನ್ನು ಕಾಣುವುದೋ ಅದನ್ನೇ ತಾನೆಂದು ನಂಬುವುದು ಮಗುವಿನ ಸ್ವಭಾವ. ‘ಪಾಪ, ಅನಾಥ’ ಎಂಬ ನೋಟವನ್ನು ದಿನವೂ ಉಂಡ ಮಗುವು ಹೊಟ್ಟೆ ತುಂಬಿದ್ದರೂ ಬೆಳೆಯುವುದಿಲ್ಲ. ವಿಪತ್ತಿಗೆ ಸಿಕ್ಕಿದ ಮಕ್ಕಳಿಗೆ ದಾಸೋಹವನ್ನು ಹೇಗೆ ಮಾಡಬೇಕು ಎಂಬ ಪ್ರಶ್ನೆಗೆ ದೂರದೇಶದ ಒಂದು ಸಂಗತಿಯು ಉತ್ತರ ಕೊಡುವಂತಿದೆ. ಅದು ಚೆರ್ನೋಬಿಲ್ಲಿನ ಮಕ್ಕಳ ಸಂಗತಿ; ಅವರನ್ನು ಒಂದು ದಿನ ನೀರಿನ ಮೇಲೆ ಕರೆದೊಯ್ದ ಬ್ರಿಟನ್ ಮತ್ತು ಐರ್ಲೆಂಡ್ ದೇಶಗಳ ದೋಣಿವಿಹಾರ ಸಂಘಗಳ ಸಂಗತಿ.

1986ನೆಯ ಇಸವಿಯ ಏಪ್ರಿಲ್ 26ರಂದು, ನಡುರಾತ್ರಿ ಕಳೆದು ಸುಮಾರು ಒಂದೂವರೆ ಗಂಟೆಯ ಹೊತ್ತಿಗೆ, ಆಗ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನ ಉತ್ತರಭಾಗದಲ್ಲಿರುವ ಚೆರ್ನೋಬಿಲ್ ಅಣುವಿದ್ಯುತ್ ಕೇಂದ್ರದ ನಾಲ್ಕನೆಯ ಸ್ಥಾವರವು ಸ್ಫೋಟಗೊಂಡಿತು. ಕೇಂದ್ರದ ಮಗ್ಗುಲಲ್ಲಿಯೇ ಪ್ರಿಪ್ಯಾತ್ ಎಂಬ ಹೊಸ ಪಟ್ಟಣವಿದ್ದಿತು. ಅದು 1970ರಲ್ಲಿ ಸ್ಥಾಪಿತವಾದುದು. ಸುಮಾರು 49,000 ಜನ, ಬಹುಮಟ್ಟಿಗೆ ತರುಣ ದಂಪತಿಗಳು, ಬೀದಿಬೀದಿಗಳಲ್ಲಿ ಮಕ್ಕಳು. ಮೇ ತಿಂಗಳ ಒಂದನೆಯ ತಾರೀಖಿನ ಹಬ್ಬಕ್ಕೆಂದು ಮಕ್ಕಳಿಗಾಗಿ ಒಂದು ವಿನೋದವನವೂ ಸಿದ್ಧವಾಗುತ್ತಿದ್ದಿತು. ಸ್ಫೋಟದ ಮರುದಿನ ಮಧ್ಯಾಹ್ನ ಸಾವಿರಕ್ಕೂ ಹೆಚ್ಚು ಬಸ್ಸುಗಳು ಬಂದು ನಿಂತವು. ಮೂರು ದಿನಗಳ ಮಟ್ಟಿಗೆ ಬೇಕಾದುದನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಜನರಿಗೆ ಹೇಳಲಾಯಿತು. ಆ ಮೂರು ದಿನಗಳು ಇಂದಿಗೂ ಮುಗಿದಿಲ್ಲ. ಪಟ್ಟಣವು ಬರಿದಾಗಿಯೇ ಇದೆ. ವಿನೋದವನದ ದೊಡ್ಡ ಚಕ್ರವು ತುಕ್ಕು ಹಿಡಿದು ನಿಂತಿದೆ.

ಗಾಳಿಯು ಉತ್ತರಕ್ಕೆ ಬೀಸಿದಾಗ ವಿಷವು ಗಡಿಯಾಚೆಯ ಬೆಲಾರುಸಿನ ಮೇಲೆ ಬಹಳವಾಗಿ ಇಳಿಯಿತು. ಗೋಮೆಲ್ ಮತ್ತು ಮೊಗಿಲೆವ್ ಪ್ರಾಂತಗಳ ಹಳ್ಳಿಗರಿಗೆ ಆ ಸ್ಥಾವರದ ಹೆಸರೂ ಸರಿಯಾಗಿ ತಿಳಿದಿರಲಿಲ್ಲವೆನ್ನಬಹುದು. ಫಲವನ್ನು ಉಂಡವರು ಮಾತ್ರ ಅವರೇ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದರಲ್ಲಿ ಅಯೋಡಿನ್ 131 ಎಂಬ ಒಂದು ದ್ರವ್ಯವಿದೆ. ಎಂಟು ದಿನಗಳಲ್ಲಿ ಅದರ ಅರ್ಧಭಾಗವು ತಾನಾಗಿ ನಶಿಸಿಹೋಗುತ್ತದೆ. ಎಂಟೇ ದಿನಗಳಲ್ಲವೇ ಎಂದು ಯಾರಾದರೂ ಹಗುರವಾಗಿ ಎಣಿಸಿಯಾರು. ಆದರೆ ಅದು ಹುಲ್ಲಿನ ಮೇಲೆ ಬಿದ್ದಿತು, ಹುಲ್ಲನ್ನು ಹಸುವು ಮೇಯಿತು, ಹಸುವಿನ ಹಾಲನ್ನು ತಾಯಿಯು ಮಗುವಿಗೆ ಕುಡಿಸಿದಳು. ಮಗುವಿನ ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕಾದ ಆಹಾರ. ಒಳ್ಳೆಯದಾವುದು ಕೆಟ್ಟದಾವುದು ಎಂಬ ವಿವೇಚನೆ ಆ ಗ್ರಂಥಿಗಿಲ್ಲ. ಬಂದುದನ್ನೆಲ್ಲ ಅದು ಹೀರಿಕೊಂಡಿತು. ಆಗ ಬಾಲ್ಯದಲ್ಲಿಯೋ ಹದಿಹರೆಯದಲ್ಲಿಯೋ ಇದ್ದವರಲ್ಲಿ 2005ರ ವೇಳೆಗೆ ಥೈರಾಯ್ಡ್ ಕ್ಯಾನ್ಸರಿನ 6,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದುವು. ಶಸ್ತ್ರಚಿಕಿತ್ಸೆಯಿಂದ ಅವರಲ್ಲಿ ಬಹುಮಂದಿ ಬದುಕಿಕೊಂಡರೆಂಬುದು ಸಮಾಧಾನದ ಮಾತು. ಆದರೆ ಹಾಲನ್ನು ಕುಡಿಸಿದ ತಾಯಿಯ ಮನಸ್ಸಿಗೆ ಯಾವ ಶಸ್ತ್ರಚಿಕಿತ್ಸೆಯುಂಟು? ಹಾಲೆಂದರೆ ಅಮೃತವೆಂದು ನಂಬಿದ ಕೈಯೇ ಅದನ್ನು ಕೊಟ್ಟಿತು. ಇದಕ್ಕಿಂತ ಕ್ರೂರವಾದ ದುರಂತವನ್ನು ಕಲ್ಪಿಸುವುದೂ ಕಷ್ಟ.

ಇನ್ನೊಂದು ದ್ರವ್ಯ ಸೀಸಿಯಂ 137. ಅದರ ಅರ್ಧವು ಕರಗಲು ಸುಮಾರು 30 ವರ್ಷಗಳು ಬೇಕು. ಅದು ಮಣ್ಣಿನಲ್ಲಿ, ಕಾಡಿನ ಅಣಬೆಗಳಲ್ಲಿ, ಕಾಡುಹಣ್ಣುಗಳಲ್ಲಿ, ಕೆರೆಯ ಮೀನುಗಳಲ್ಲಿ ನೆಲಸಿತು. ಆ ಸೀಮೆಯ ಜನರಿಗೆ ಕಾಡೆಂದರೆ ಎರಡನೆಯ ಹೊಲ. ಬೇಸಗೆಯಲ್ಲಿ ಹಣ್ಣು ಆಯುವುದು, ಮಳೆ ಬಿದ್ದ ಮೇಲೆ ಅಣಬೆ ಆರಿಸುವುದು, ನೀರಿನಲ್ಲಿ ಈಜುವುದು, ಮೀನು ಹಿಡಿಯುವುದು ಇವೇ ಮಕ್ಕಳ ಬಾಲ್ಯವಾಗಿದ್ದುವು. ವಿಪತ್ತಾದ ಮೇಲೆ ಹುಟ್ಟಿದ ಮಕ್ಕಳು ಕೂಡ ‘ಅಲ್ಲಿ ಹೋಗಬೇಡ, ಅದನ್ನು ಮುಟ್ಟಬೇಡ, ಇದನ್ನು ತಿನ್ನಬೇಡ’ ಎಂಬ ಮಾತುಗಳ ನಡುವೆ ಬೆಳೆದರು. ಕಣ್ಣೆದುರಿಗೆ ನದಿ ಹರಿಯುತ್ತಿದೆ, ಕಾಡು ಹಸಿರಾಗಿದೆ, ಆದರೆ ಎರಡನ್ನೂ ಹೆದರಿ ನೋಡಬೇಕು. ಸೃಷ್ಟಿಯ ಮೇಲಿನ ವಿಶ್ವಾಸವೇ ಮುರಿದುಹೋದ ಮಗುವಿಗೆ ಶಿವನ ಕರುಣೆಯನ್ನು ಯಾವ ಮಾತಿನಿಂದ ಬೋಧಿಸುವುದು?

ಇಲ್ಲಿ ಭಕ್ತರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಚಾರವಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಬೆಲಾರುಸ್, ಉಕ್ರೇನ್, ರಷ್ಯಾ ಸರ್ಕಾರಗಳೂ ಸೇರಿ ನಡೆಸಿದ ಚೆರ್ನೋಬಿಲ್ ಫೋರಂ 2005ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಆ ವಿಪತ್ತಿನಿಂದ ಸಾರ್ವಜನಿಕ ಆರೋಗ್ಯಕ್ಕೆ ತಗಲಿದ ಅತಿ ದೊಡ್ಡ ಪೆಟ್ಟು ಮನಸ್ಸಿಗೆ ತಗಲಿದ ಪೆಟ್ಟೇ ಎಂದು ಅದು ಹೇಳಿತು. ಲಕ್ಷಾಂತರ ಜನರು ‘ಬಲಿಯಾದವರು’ ಎಂಬ ಹೆಸರನ್ನು ಹೊತ್ತುಕೊಂಡು, ತಮ್ಮ ಬಾಳು ತಮ್ಮ ಕೈಯಲ್ಲಿಲ್ಲವೆಂದು ನಂಬಿ ಸೋತು ಕುಳಿತರು. ಸಹಾಯವು ಬಂದಿತು, ಪಿಂಚಣಿಯೂ ಬಂದಿತು; ಜೊತೆಗೆ ಈ ಹೆಸರೂ ಬಂದಿತು. ಕರುಣೆಯ ನೋಟದಲ್ಲಿಯೂ ಮನುಷ್ಯನನ್ನು ಕುಗ್ಗಿಸುವ ಒಂದು ವಿಷವಿರಬಲ್ಲುದು. ಅದಕ್ಕೂ ಬಣ್ಣ ವಾಸನೆಗಳಿಲ್ಲ.

ಮಕ್ಕಳನ್ನು ಕೆಲವು ಕಾಲವಾದರೂ ಆ ನೆಲದಿಂದ ಹೊರಗೆ ತರಬೇಕೆಂಬ ಕೂಗು ಎದ್ದಾಗ ಅನೇಕ ದೇಶಗಳ ಮನೆಗಳು ಬಾಗಿಲು ತೆರೆದುವು. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಏಡಿ ರೋಶ್ ಎಂಬ ಮಹಿಳೆಯು 1991ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆಯನ್ನು ಆರಂಭಿಸಿದರು. ಬ್ರಿಟನ್ನಿನಲ್ಲಿ ಚೆರ್ನೋಬಿಲ್ ಚಿಲ್ಡ್ರನ್ಸ್ ಲೈಫ್‌ಲೈನ್ ಎಂಬ ಸಂಸ್ಥೆಯು ಊರೂರಿನ ಶಾಖೆಗಳ ಮೂಲಕ ಇದೇ ಕಾರ್ಯವನ್ನು ನಡೆಸಿತು. ಬಡ ಕ್ಯೂಬಾದ ಸೇವೆಯನ್ನು ಇಲ್ಲಿ ಮರೆಯಲಾಗದು. 1990ರ ಮಾರ್ಚಿಯಲ್ಲಿ ಮೊದಲ ಮಕ್ಕಳನ್ನು ಬರಮಾಡಿಕೊಂಡ ಆ ದೇಶವು ಹವಾನಾ ನಗರದ ಸಮೀಪ ತರಾರಾ ಎಂಬ ಕಡಲತಡಿಯಲ್ಲಿ 2011ರವರೆಗೆ 20,000ಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆಯನ್ನೂ ಆಶ್ರಯವನ್ನೂ ಕೊಟ್ಟಿತು. ಸೋವಿಯತ್ ಒಕ್ಕೂಟವು ಮುರಿದುಬಿದ್ದ ಮೇಲೆ ಕ್ಯೂಬಾದ ಜನರು ತಾವೇ ಅನ್ನಕ್ಕೂ ಎಣ್ಣೆಗೂ ಪರದಾಡಿದ ವರ್ಷಗಳವು. ಆದರೂ ಬಾಗಿಲು ಮುಚ್ಚಲಿಲ್ಲ. ಇದ್ದವನು ಕೊಡುವುದು ಒಂದು. ಇಲ್ಲದವನು ಹಂಚಿಕೊಳ್ಳುವುದು ಬೇರೆಯೇ ಒಂದು.

ಬ್ರಿಟನ್ ಐರ್ಲೆಂಡುಗಳಿಗೆ ಮಕ್ಕಳು ಸಾಮಾನ್ಯವಾಗಿ ಬೇಸಗೆಯಲ್ಲಿ ನಾಲ್ಕು ವಾರಗಳ ಮಟ್ಟಿಗೆ ಬರುತ್ತಿದ್ದರು. ಸಾಮಾನ್ಯ ಸಂಸಾರಗಳ ಮನೆಗಳಲ್ಲಿ ಇಬ್ಬಿಬ್ಬರಾಗಿ ಇಳಿದುಕೊಳ್ಳುತ್ತಿದ್ದರು. ಶುದ್ಧವಾದ ಆಹಾರ, ಗಾಳಿ, ದಂತವೈದ್ಯರ ಬಳಿಗೊಮ್ಮೆ ಭೇಟಿ, ಆಟಪಾಟ ಇಷ್ಟೇ ಕಾರ್ಯಕ್ರಮ. ದೇಹದಲ್ಲಿ ಸೇರಿದ ಸೀಸಿಯಂ ದೊಡ್ಡವರಿಗಿಂತ ಮಕ್ಕಳ ದೇಹದಿಂದ ಬೇಗ ಹೊರಬೀಳುವುದರಿಂದ, ಕೆಲವು ವಾರಗಳ ನಿರ್ಮಲವಾದ ಆಹಾರದಿಂದಲೂ ಅದರ ಪ್ರಮಾಣ ಇಳಿಯುತ್ತದೆ. ಈ ನಾಲ್ಕು ವಾರಗಳಲ್ಲಿ ಒಂದು ದಿನವನ್ನು ಊರಿನ ದೋಣಿವಿಹಾರ ಸಂಘದವರು ತಮಗೆ ಕೊಡಬೇಕೆಂದು ಕೇಳಿಕೊಳ್ಳುವುದುಂಟು.

ಈ ಸಂಘಗಳೆಂದರೆ ಮಹಾಶ್ರೀಮಂತರ ಕೂಟಗಳೆಂದು ತಿಳಿಯಬೇಕಾಗಿಲ್ಲ. ಅವುಗಳಲ್ಲಿ ಬಹಳಷ್ಟು ಸಾಮಾನ್ಯ ಜನರ ಕ್ಲಬ್ಬುಗಳು. ವಾರವೆಲ್ಲ ದುಡಿದವರು ರಜೆಯ ದಿನ ಕೆರೆಗೋ ಕಾಲುವೆಗೋ ಬಂದು ಹಾಯಿ ಕಟ್ಟುತ್ತಾರೆ, ದೋಣಿಗೆ ಬಣ್ಣ ಬಳಿಯುತ್ತಾರೆ. ಅವರಿಗಿರುವ ಸಂಪತ್ತು ಒಂದು ಸಣ್ಣ ದೋಣಿ, ಅದನ್ನು ನಡೆಸುವ ಕುಶಲತೆ, ಒಂದು ರಜೆಯ ದಿನ. ಅದನ್ನೇ ಅವರು ತಂದು ಮಕ್ಕಳ ಮುಂದಿಟ್ಟರು. ಚೆಕ್ಕನ್ನು ಬರೆದು ಕಳುಹಿಸಿದ್ದರೆ ಕೆಲಸ ಸುಲಭವಾಗುತ್ತಿದ್ದಿತು, ಬಟ್ಟೆಯೂ ನೆನೆಯುತ್ತಿರಲಿಲ್ಲ.

ಅಂತಹ ದಿನದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಮೊದಲು ಪ್ರತಿಯೊಂದು ಮಗುವಿಗೂ ಅಳತೆ ನೋಡಿ ಲೈಫ್ ಜಾಕೆಟ್ ಎಂಬ ತೇಲುವ ಅಂಗಿಯನ್ನು ತೊಡಿಸುತ್ತಾರೆ. ಪಟ್ಟಿಯನ್ನು ಬಿಗಿದು, ಭುಜದ ಮೇಲೆ ಹಿಡಿದೆತ್ತಿ, ಅದು ಜಾರುವುದಿಲ್ಲವೆಂದು ನೋಡುತ್ತಾರೆ. ಸಂಘದವನೂ ಅದೇ ಬಗೆಯ ಅಂಗಿಯನ್ನು ತೊಡುತ್ತಾನೆ. ಇದು ಸಣ್ಣ ವಿಷಯವಲ್ಲ. ನೀರಿನ ಮುಂದೆ ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಉಡುಪು. ಬಳಿಕ ಯಾವ ಹಗ್ಗ ಯಾವುದಕ್ಕೆ, ತಲೆಯನ್ನು ಯಾವಾಗ ಬಗ್ಗಿಸಬೇಕು, ಎಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನು ದುಭಾಷಿಯ ಮೂಲಕ ಹೇಳುತ್ತಾರೆ. ನೀರಿಗಿಳಿದ ಮೇಲೆ ಮಾತಿನ ಅವಶ್ಯಕತೆಯೇ ತೀರುತ್ತದೆ, ಕೈಸನ್ನೆ ಸಾಕು. ಸ್ವಲ್ಪ ದೂರದಲ್ಲಿ ಯಂತ್ರದ ದೋಣಿಯೊಂದು ಕಾವಲಾಗಿ ಸುತ್ತುತ್ತಿರುತ್ತದೆ. ಅದು ತೀರ ಹತ್ತಿರ ಬರುವುದಿಲ್ಲ, ತೀರ ದೂರವೂ ಹೋಗುವುದಿಲ್ಲ. ಮಕ್ಕಳನ್ನು ಸಾಕುವವರೆಲ್ಲರೂ ನೋಡಿ ಕಲಿಯಬೇಕಾದ ದೂರವದು.

ದಡವನ್ನು ಬಿಟ್ಟು ಸ್ವಲ್ಪ ಮುಂದೆ ಹೋದ ಮೇಲೆ ಚುಕ್ಕಾಣಿಯ ಹಿಡಿಯನ್ನು ಮಗುವಿನ ಕೈಗೆ ಕೊಡುತ್ತಾರೆ. ಹಾಯಿದೋಣಿಯಲ್ಲಿ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯು ಬಲಕ್ಕೆ ತಿರುಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಮೊದಲು ಎಲ್ಲರೂ ತಪ್ಪುವವರೇ. ದೋಣಿಯು ಸುತ್ತುತ್ತದೆ, ಹಾಯಿಯು ಪಟಪಟನೆ ಬಡಿದುಕೊಳ್ಳುತ್ತದೆ. ಅನುಭವಿಯಾದವನು ಆಗ ಕೈಹಾಕಿ ಹಿಡಿಯನ್ನು ಕಿತ್ತುಕೊಳ್ಳುವುದಿಲ್ಲ, ಕಾಯುತ್ತಾನೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಮಗುವಿಗೆ ತಾನಾಗಿ ಹೊಳೆಯುತ್ತದೆ. ಹಾಯಿಯು ಗಾಳಿಯನ್ನು ತುಂಬಿಕೊಂಡು ದೋಣಿಯು ನೆಟ್ಟಗೆ ಸಾಗುತ್ತದೆ. ಗಾಳಿಯು ವಿಷವನ್ನು ಹೊತ್ತು ತಂದ ಸೀಮೆಯ ಮಗು, ಗಾಳಿಯು ತನ್ನ ಕೈಯ ಮಾತನ್ನು ಕೇಳುವುದನ್ನು ಮೊದಲ ಸಲ ಕಾಣುತ್ತದೆ. ನದಿಗೆ ಹೆದರಿ ಬೆಳೆದ ಮಗು ನೀರಿನಲ್ಲಿ ಕೈಯದ್ದಿ ಆಡುತ್ತದೆ. ಯಾರೂ ‘ಬೇಡ’ ಎನ್ನುವುದಿಲ್ಲ. ಗಾಳಿ ಬಲವಾದರೆ ದೋಣಿಯು ಒಂದು ಮಗ್ಗುಲಿಗೆ ವಾಲುತ್ತದೆ. ಆಗ ಎಲ್ಲರೂ ಎದುರು ಮಗ್ಗುಲಿಗೆ ಸರಿದು ಭಾರ ಹಾಕಬೇಕು. ಆ ಹೊತ್ತಿನಲ್ಲಿ ಮಗುವಿನ ಮೂರು ಮಣ ತೂಕವೂ ದೋಣಿಗೆ ಬೇಕಾಗುತ್ತದೆ. ತನ್ನಿಂದಲೂ ಇನ್ನೊಬ್ಬರಿಗೆ ಪ್ರಯೋಜನವುಂಟೆಂಬುದನ್ನು ಉಪನ್ಯಾಸದಿಂದ ತಿಳಿಸಲು ಹೊರಟರೆ ವರ್ಷಗಳು ಬೇಕು.

ಇಂಗ್ಲೆಂಡಿನ ಒಳನಾಡಿನಲ್ಲಿ ಹಾಯಿಗೆ ಬದಲಾಗಿ ಕಾಲುವೆಯ ಉದ್ದದೋಣಿಗಳುಂಟು. ಹದಿನೆಂಟನೆಯ ಶತಮಾನದಿಂದ ಕಲ್ಲಿದ್ದಲು ಮೊದಲಾದ ಸರಕುಗಳನ್ನು ಸಾಗಿಸಲು ತೋಡಿದ ಕಾಲುವೆಗಳು ಇಂದು ವಿಹಾರಕ್ಕೆ ಉಳಿದಿವೆ. ದೋಣಿಯ ಅಗಲ ಸುಮಾರು ಏಳು ಅಡಿ ಮಾತ್ರ; ವೇಗ ಮನುಷ್ಯನ ನಡಿಗೆಯಷ್ಟೇ. ನೆಲವು ಏರಿದಲ್ಲಿ ಲಾಕ್ ಎಂಬ ನೀರಿನ ಮೆಟ್ಟಿಲುಗಳಿವೆ. ದೋಣಿಯು ಕೆಳಗಿನ ಬಾಗಿಲಿನಿಂದ ಒಂದು ಕಲ್ಲಿನ ಕೋಣೆಯೊಳಗೆ ಬರುತ್ತದೆ, ಹಿಂದಿನ ಬಾಗಿಲನ್ನು ಮುಚ್ಚುತ್ತಾರೆ, ಕೈಯಿಂದ ತಿರುಗಿಸುವ ಸನ್ನೆಕೋಲಿನಿಂದ ಮೇಲಿನ ತೂಬನ್ನು ಎತ್ತುತ್ತಾರೆ. ನೀರು ತುಂಬಿದಂತೆಲ್ಲ ಅಷ್ಟು ಭಾರದ ದೋಣಿಯು ಸದ್ದಿಲ್ಲದೆ ಮೇಲೇಳುತ್ತದೆ, ಯಂತ್ರವಿಲ್ಲ, ಎಳೆತವಿಲ್ಲ. ಕೊನೆಗೆ ಮೇಲಿನ ಬಾಗಿಲಿನ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಬೇಕು. ಒಂದು ಮಗುವಿನಿಂದ ಅದು ಅಲುಗದು. ನಾಲ್ಕಾರು ಮಕ್ಕಳು ಸಾಲಾಗಿ ಬೆನ್ನೊಡ್ಡಿದರೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ಬಾಗಿಲನ್ನು ತೆರೆದವರು ಮಕ್ಕಳು. ದಾಟಿಹೋದವರು ಆತಿಥ್ಯ ನೀಡಿದವರು. ಕೊಟ್ಟವರಾರು, ಕೊಂಡವರಾರು?

ದೋಣಿಯ ಕಾಯಕವೆಂದೊಡನೆ ವೀರಶೈವ ಭಕ್ತರಿಗೆ ಅಂಬಿಗರ ಚೌಡಯ್ಯನವರು ನೆನಪಾಗದಿರುವುದಿಲ್ಲ. ಹನ್ನೆರಡನೆಯ ಶತಮಾನದ ಆ ಶರಣರು ದೋಣಿ ನಡೆಸಿ ಜೀವಿಸಿದವರು. ತಮ್ಮ ಹೆಸರನ್ನೇ ವಚನಗಳಿಗೆ ಅಂಕಿತವಾಗಿಸಿಕೊಂಡ ನಿರ್ಭೀತರು. ಡಂಭಾಚಾರವನ್ನು ಅವರಷ್ಟು ಕಠಿನವಾಗಿ ಖಂಡಿಸಿದವರು ವಿರಳ. ಅವರ ಕಾಠಿಣ್ಯಕ್ಕೂ ಅವರ ಕಾಯಕಕ್ಕೂ ಸಂಬಂಧವಿಲ್ಲವೆಂದು ಹೇಳಲಾಗದು. ಅಂಬಿಗನು ದೋಣಿ ಹತ್ತಿದವನ ಕುಲವನ್ನು ಕೇಳಿ ಹುಟ್ಟು ಹಾಕುವುದಿಲ್ಲ. ಅವನ ದುಃಖದ ಕಥೆಯನ್ನು ಹೇಳಿಸಿಕೊಂಡ ಮೇಲೆಯೇ ದಾಟಿಸುತ್ತೇನೆಂದೂ ಹೇಳುವುದಿಲ್ಲ. ನಡುಹೊಳೆಯಲ್ಲಿ ಅರಸನೂ ಆಳೂ ಅಲುಗಾಡದೆ ಕುಳಿತುಕೊಳ್ಳಬೇಕು. ಸಹಾಯವನ್ನು ಪಡೆಯುವ ಮಗುವಿನಿಂದ ಮೊದಲು ಅದರ ರೋಗವನ್ನೂ ಸಾವನ್ನೂ ಬಡತನವನ್ನೂ ಸಭೆಯ ಮುಂದೆ ಹೇಳಿಸಿ, ಕೇಳಿದವರು ಕಣ್ಣೊರಸಿಕೊಂಡ ಬಳಿಕ ಕಾಣಿಕೆಯನ್ನು ಕೊಡುವ ಪದ್ಧತಿಯು ಎಲ್ಲ ದೇಶಗಳಲ್ಲಿಯೂ ಇದೆ, ಇಲ್ಲಿಯೂ ಇಲ್ಲವೆಂದಲ್ಲ. ಚೌಡಯ್ಯನವರ ಮುಂದೆ ಇದು ನಡೆದಿದ್ದರೆ ಅವರು ಹುಟ್ಟನ್ನು ಕೆಳಗಿಟ್ಟು ಏನು ಹೇಳುತ್ತಿದ್ದರೆಂಬುದನ್ನು ಓದುಗರೇ ಊಹಿಸಬಹುದು.

ಒಂದು ದಿನದ ದೋಣಿವಿಹಾರದಿಂದ ಆಗುವುದೇನು, ಅದು ಕೇವಲ ಮೋಜಲ್ಲವೇ ಎಂದು ಕೇಳುವ ವ್ಯವಹಾರಕುಶಲರಿದ್ದಾರೆ. ಆ ಹಣದಲ್ಲಿ ಔಷಧವನ್ನು ಕೊಳ್ಳಬಾರದಾಗಿತ್ತೆ ಎಂಬುದು ಅವರ ವಾದ. ಔಷಧವು ಬೇಕು, ಅದನ್ನು ಬೇಡವೆಂದವರಾರು? ಆದರೆ ಆ ದಿನಕ್ಕೆ ಆದ ಹಣದ ಖರ್ಚು ಬಹಳ ಕಡಿಮೆ. ಖರ್ಚಾದುದು ಮನುಷ್ಯರ ರಜೆ, ಮನುಷ್ಯರ ತಾಳ್ಮೆ. ಅದರಿಂದ ಔಷಧವನ್ನು ಕೊಳ್ಳಲಾಗದು. ಮನೆಯ ಮಕ್ಕಳಿಗೆ ಜಾತ್ರೆಯಲ್ಲಿ ತೊಟ್ಟಿಲು ಹತ್ತಿಸುವ ಗೃಹಸ್ಥನು ಆ ಕಾಸಿಗೆ ಔಷಧ ಬರುತ್ತಿತ್ತೆಂದು ಲೆಕ್ಕ ಹಾಕುವುದಿಲ್ಲ. ಪರರ ಮಕ್ಕಳ ವಿಷಯ ಬಂದಾಗ ಮಾತ್ರ ಈ ಲೆಕ್ಕವು ಎಲ್ಲಿಂದ ಬರುತ್ತದೆ? ಬಡವರ ಮಗುವಿಗೆ ಅನ್ನ ಸಾಕು, ನಗೆ ಬೇಕಾಗಿಲ್ಲವೆಂಬ ತೀರ್ಮಾನವನ್ನು ಮಾಡಿದವರು ಆ ಮಗುವನ್ನು ಜಂಗಮವೆಂದು ಕಂಡವರಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಆಕ್ಷೇಪಣೆಯುಂಟು. ಬಡಹಳ್ಳಿಯ ಮಗುವಿಗೆ ನಾಲ್ಕು ವಾರ ಸಮೃದ್ಧಿಯನ್ನು ತೋರಿಸಿ ಹಿಂದಕ್ಕೆ ಕಳುಹಿಸಿದರೆ ಅದರ ಮನಸ್ಸು ತನ್ನ ಮನೆಯನ್ನು ಹಗುರವಾಗಿ ಕಾಣುವುದಿಲ್ಲವೇ? ಈ ಮಾತನ್ನು ತಳ್ಳಿಹಾಕಲಾಗದು. 2008ರಲ್ಲಿ ಬೆಲಾರುಸಿನ ಸರ್ಕಾರವು ಮಕ್ಕಳ ವಿದೇಶಪ್ರಯಾಣವನ್ನು ತಡೆಯಲು ಮುಂದಾದುದಕ್ಕೆ ಬೇರೆ ಕಾರಣಗಳಿದ್ದರೂ, ತಾಯಿತಂದೆಗಳ ಮನಸ್ಸಿನಲ್ಲಿ ಈ ಅಂಜಿಕೆಯು ಇದ್ದೇ ಇರಬೇಕು. ಉಡುಗೊರೆಗಳ ರಾಶಿಯನ್ನು ಹೊರಿಸಿ ಕಳುಹಿಸಿದ ಕಡೆಗಳಲ್ಲಿ ಇಂತಹ ಕೇಡು ಆಗದೆ ಇರದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಆವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವರ ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯನ್ನು ಎಲ್ಲರೂ ಬಲ್ಲರು. ಆ ಕಥೆಯನ್ನು ತೆಗೆದುಕೊಳ್ಳುವವರಿಗೆ ಹೇಳುವುದು ವಾಡಿಕೆ. ಕೊಡುವವರಿಗೂ ಅದು ಸಲ್ಲುತ್ತದೆ. ಅತಿಯಾಗಿ ಕೊಡುವುದರಲ್ಲಿ ಕೊಡುವವನ ದೊಡ್ಡಸ್ತಿಕೆ ತೂರಿಕೊಳ್ಳುತ್ತದೆ. ದೋಣಿಯ ದಿನದಿಂದ ಮಗುವು ಹೊತ್ತುಕೊಂಡು ಹೋಗುವ ವಸ್ತುವೇ ಇಲ್ಲ. ಕೈಗೆ ಬಂದ ಒಂದು ವಿದ್ಯೆ, ಒಂದು ಗಂಟು ಹಾಕುವ ಬಗೆ, ಬಿಸಿಲಿಗೆ ಕೆಂಪಾದ ಮುಖ ಇಷ್ಟೇ. ಇದನ್ನು ಕಂಡು ತಾಯಿಗೆ ತನ್ನ ಮನೆ ಚಿಕ್ಕದೆನಿಸಬೇಕಾಗಿಲ್ಲ.

ಪ್ರದರ್ಶನದ ದೋಷವು ಈ ಸಂಘಗಳಲ್ಲಿಯೂ ಇಲ್ಲವೆನ್ನಲಾಗದು. ಪತ್ರಿಕೆಯ ಛಾಯಾಚಿತ್ರಕಾರನು ಬಂದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಿಂದೆ ಅಧ್ಯಕ್ಷರು ನಿಂತು ತೆಗೆಸಿಕೊಂಡ ಚಿತ್ರಗಳು ಎಷ್ಟೋ ಇವೆ. ಅದನ್ನು ದೊಡ್ಡ ಅಪರಾಧವೆಂದು ಎಣಿಸಬೇಕಾಗಿಲ್ಲ. ಮುಂದಿನ ವರ್ಷ ನಾಲ್ಕು ಜನ ಹೆಚ್ಚಾಗಿ ಬರಲಿಕ್ಕೂ ಅದು ಕಾರಣವಾದೀತು. ನೋಡಬೇಕಾದುದು ಛಾಯಾಚಿತ್ರಕಾರನು ಹೊರಟುಹೋದ ಮೇಲೆ ಯಾರು ಉಳಿದರು ಎಂಬುದನ್ನು. ಒದ್ದೆಯಾದ ಇಪ್ಪತ್ತು ಅಂಗಿಗಳನ್ನು ಹರವಿ ಒಣಗಿಸುವವರು, ದೋಣಿಯ ಕೆಸರನ್ನು ತೊಳೆಯುವವರು, ಚಳಿಗೆ ನಡುಗುವ ಮಗುವಿಗೆ ಬಿಸಿ ಪಾನೀಯವನ್ನು ಕಾಯಿಸಿ ಕೊಡುವವರು ಚಿತ್ರದಲ್ಲಿರುವುದು ಕಡಿಮೆ.

2020ರ ಮಹಾಮಾರಿಯು ಈ ಪ್ರಯಾಣಗಳನ್ನು ನಿಲ್ಲಿಸಿತು. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧವು ಎರಗಿದಾಗ ಸೈನ್ಯವು ಚೆರ್ನೋಬಿಲ್ಲಿನ ಮಾರ್ಗವಾಗಿಯೇ ನುಗ್ಗಿ, ಮಾರ್ಚಿ ತಿಂಗಳ ಕೊನೆಯವರೆಗೆ ಆ ಕೇಂದ್ರವನ್ನು ವಶದಲ್ಲಿಟ್ಟುಕೊಂಡಿತು. ಬೆಲಾರುಸಿನ ಮಕ್ಕಳನ್ನು ಕರೆತರುತ್ತಿದ್ದ ಅನೇಕ ಸಂಸ್ಥೆಗಳಿಗೆ ದಾರಿಯೇ ಮುಚ್ಚಿತು. ಮೊದಲ ವರ್ಷಗಳಲ್ಲಿ ಎಂಟು ಹತ್ತು ವಯಸ್ಸಿನವರಾಗಿ ಬಂದಿದ್ದ ಮಕ್ಕಳು ಈಗ ನಲವತ್ತನ್ನು ದಾಟಿದ್ದಾರೆ, ತಾವೇ ಸಂಸಾರವಂತರು. ತಮ್ಮನ್ನು ಇರಿಸಿಕೊಂಡಿದ್ದ ಮನೆಗಳಿಗೆ ಅವರಲ್ಲಿ ಹಲವರು ಇಂದಿಗೂ ಹಬ್ಬಕ್ಕೊಂದು ಕಾಗದ ಬರೆಯುವುದುಂಟು.